ಒಳಗೆ ತೊಳೆದೆವು, ಮಸಿ ಹೊರಗಿತ್ತು: ಒಂದು ಮೇಪಲ್ ಒಲೆಯ ಪ್ರಕರಣ

ಮೇಪಲ್ ಮರದ ರಸ ಕುದಿಸಿ ಸಿರಪ್ ಮಾಡುವ ಜಾಗಕ್ಕೆ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಶುಗರ್‌ಹೌಸ್ ಅನ್ನುತ್ತಾರೆ. ನಮ್ಮ ಆಲೆಮನೆ ನೋಡಿದವರಿಗೆ ಅದು ಹೊಸದೇನೂ ಅನಿಸುವುದಿಲ್ಲ. ದೊಡ್ಡ ಒಲೆ, ಮಾಡಿನಿಂದ ಹೊರಗೆ ಹೋಗುವ ಹಬೆ, ಬಟ್ಟೆಗೆಲ್ಲ ಹತ್ತುವ ಸಿಹಿ ವಾಸನೆ. ನಾನು ಅಲ್ಲೇ ಹತ್ತಿರದ ಊರಿನಲ್ಲಿ ಕೆಲಸದಲ್ಲಿದ್ದೇನೆ. ಮಾರ್ಚ್ ಬಂದರೆ ಶನಿವಾರ, ಭಾನುವಾರ ಒಂದು ಸಣ್ಣ ಶುಗರ್‌ಹೌಸ್‌ಗೆ ಹೋಗಿ ಸೌದೆ ಹಾಕುತ್ತೇನೆ, ರಸ ಹೊರುತ್ತೇನೆ.

ಕೆಲವು ವರ್ಷದ ಹಿಂದೆ ಅಲ್ಲಿ ನಡೆದದ್ದನ್ನು ಆ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು ಎಲ್ಲವನ್ನೂ ಬಿಟ್ಟಿದ್ದೇನೆ. ಯಜಮಾನರಿಗೆ ಅರವತ್ತು ದಾಟಿದೆ. ಅವರ ಮಗಳು ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಪಕ್ಕದ ತೋಟದ ಒಬ್ಬ ನೆರೆಯವರು ಕೈಜೋಡಿಸುತ್ತಾರೆ. ಜೊತೆಗೆ ನಾನು. ಅಷ್ಟೇ ಜನ.

ಹಿನ್ನೆಲೆ

ರಾತ್ರಿ ಹಿಮಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು. ಹೀಗಿದ್ದಾಗ ಮಾತ್ರ ಮೇಪಲ್ ಮರದಿಂದ ರಸ ಹರಿಯುತ್ತದೆ. ಮಾರ್ಚ್ ಮೊದಲ ಮಂಗಳವಾರ ವರ್ಮಾಂಟ್‌ನ ಊರುಗಳಲ್ಲಿ ಊರಸಭೆ ನಡೆಯುತ್ತದೆ. ಆ ಹೊತ್ತಿಗೆ ಮರಕ್ಕೆ ನಲ್ಲಿ ಹಾಕಿರಬೇಕು ಅನ್ನುವುದು ಹಳಬರ ಲೆಕ್ಕ. ಏಪ್ರಿಲ್‌ನಲ್ಲಿ ಚಿಗುರು ಬಂತೋ, ರಸದ ರುಚಿ ಕೆಡುತ್ತದೆ. ನಡುವೆ ಸಿಗುವುದು ಕೆಲವೇ ವಾರ.

ರಸ ಕೈಗೆ ಬಂದಾಗ ನೀರಿನ ಹಾಗೇ ಇರುತ್ತದೆ. ಸಕ್ಕರೆ ಸುಮಾರು 2 ಪರ್ಸೆಂಟ್. ಸಿರಪ್ ಮಾಡುವವರು 86 ಅನ್ನು ರಸದ ಸಕ್ಕರೆ ಪ್ರಮಾಣದಿಂದ ಭಾಗಿಸುತ್ತಾರೆ. 2 ಪರ್ಸೆಂಟ್ ಇದ್ದರೆ ಉತ್ತರ 43. ಅಂದರೆ 43 ಲೀಟರ್ ರಸ ಬತ್ತಿಸಿದರೆ 1 ಲೀಟರ್ ಸಿರಪ್. ಮಿಕ್ಕಿದ್ದೆಲ್ಲ ಹಬೆಯಾಗಿ ಹೋಗಬೇಕು. ಹಾಗಾಗಿ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಒಂದೇ: ಗಂಟೆಗೆ ಎಷ್ಟು ಲೀಟರ್ ಬತ್ತಿತು?

ಈ ಮನೆಯಲ್ಲಿ ಸುಮಾರು 250 ನಲ್ಲಿ. ಒಲೆ 2 ಅಡಿ ಅಗಲ, 6 ಅಡಿ ಉದ್ದ. ಅದರ ಮೇಲೆ ಎರಡು ಸ್ಟೀಲ್ ಪ್ಯಾನ್. ಮುಂದಿನದು ಚಪ್ಪಟೆ ತಳದ್ದು, 2 ಅಡಿ. ಸಿರಪ್ ಹದಕ್ಕೆ ಬರುವುದು ಅಲ್ಲಿ. ನೀರು ಕುದಿಯುವುದಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದರೆ ಹದ ಬಂತು ಅಂತ. ಹಿಂದಿನದು 4 ಅಡಿ. ಅದರ ತಳ ಸೀರೆಯ ನೆರಿಗೆಯ ಹಾಗೆ ಕೆಳಗೆ ಇಳಿದಿರುತ್ತದೆ. ಅಲ್ಲಿ ಅದಕ್ಕೆ ಫ್ಲೂ ಅನ್ನುತ್ತಾರೆ, ನಾನು ನೆರಿಗೆ ಅಂತಲೇ ಬರೆಯುತ್ತೇನೆ. ಸೌದೆ ಉರಿಯುವುದು ಮುಂದೆ. ಜ್ವಾಲೆ ಹಿಂದಕ್ಕೆ ಎಳೆದುಕೊಂಡು, ನೆರಿಗೆಗಳ ಸಂದಿಯಲ್ಲಿ ಹಾದು, ಹೊಗೆ ಕೊಳವೆಗೆ ಹೋಗುತ್ತದೆ. ಬೆಂಕಿಗೆ ಜಾಸ್ತಿ ತಗಡು ಸಿಗಲಿ ಅಂತ ಈ ನೆರಿಗೆ. ಹೊಸ ರಸ ಮೊದಲು ಬೀಳುವುದು ಈ ಹಿಂದಿನ ಪ್ಯಾನ್‌ಗೆ. ಹೆಚ್ಚಿನ ನೀರು ಆವಿಯಾಗುವುದೂ ಇಲ್ಲೇ.

ಇಂಥ ಒಲೆ ಚೆನ್ನಾಗಿದ್ದರೆ ಗಂಟೆಗೆ ಸುಮಾರು 95 ಲೀಟರ್ ಬತ್ತಿಸುತ್ತದೆ.

ತೊಂದರೆ ಶುರುವಾದದ್ದು

ಸೀಸನ್‌ನ ಮೊದಲ ಹತ್ತು ದಿನ 95ರ ಆಸುಪಾಸಿನಲ್ಲೇ ಇತ್ತು. ಮೂರನೇ ವಾರಕ್ಕೆ 64 ಲೀಟರ್.

ಈ ಅಂಕಿ ನಮಗೆ ಗೊತ್ತಾದದ್ದೇ ಮಗಳಿಂದ. ರಸದ ಟ್ಯಾಂಕ್‌ಗೆ ಇಳಿಬಿಡಲು ಅವರು ಒಂದು ಮರದ ಪಟ್ಟಿಗೆ ಗೆರೆ ಹಾಕಿ ಇಟ್ಟಿದ್ದರು. ಗಂಟೆಗೊಮ್ಮೆ ಅದ್ದಿ ನೋಡುವುದು, ಗೋಡೆಗೆ ತೂಗುಹಾಕಿದ ನೋಟ್‌ಬುಕ್‌ನಲ್ಲಿ ಬರೆಯುವುದು. ಎರಡು ನಿಮಿಷದ ಕೆಲಸ. ಅದಿಲ್ಲದಿದ್ದರೆ ನಾವೆಲ್ಲ "ಯಾಕೋ ಇವತ್ತು ನಿಧಾನ" ಅಂದುಕೊಂಡು ಏಪ್ರಿಲ್‌ವರೆಗೂ ಹಾಗೇ ಹೋಗುತ್ತಿದ್ದೆವು. ಇಳಿತ ಒಂದೇ ದಿನ ಆದದ್ದಲ್ಲ. ದಿನಕ್ಕೆ ಎರಡು ಲೀಟರ್, ಮೂರು ಲೀಟರ್. ಕಣ್ಣಿಗೆ ಕಾಣುವಂಥದ್ದಲ್ಲ.

64 ಲೀಟರ್ ಅಂದರೆ ಏನು ಕಷ್ಟ? ಒಳ್ಳೆಯ ದಿನ 1,200 ಲೀಟರ್ ರಸ ಬರುತ್ತದೆ. ಮೊದಲು ಅದನ್ನು 13 ಗಂಟೆಯಲ್ಲಿ ಮುಗಿಸುತ್ತಿದ್ದೆವು. ಈಗ 19 ಗಂಟೆ. ರಸ ಹಾಲಿನ ಹಾಗೆ, ಇಟ್ಟಷ್ಟೂ ಕೆಡುತ್ತದೆ.

ಮೊದಲ ತೀರ್ಮಾನ: ವಿನೆಗರ್

ರಸ ಕುದಿಯುವಾಗ ಪ್ಯಾನ್ ಒಳಗೆ ಮರಳಿನಂಥ ಒಂದು ಪದಾರ್ಥ ಕೂರುತ್ತದೆ. ಶುಗರ್ ಸ್ಯಾಂಡ್ ಅನ್ನುತ್ತಾರೆ. ಮುಖ್ಯವಾಗಿ ಕ್ಯಾಲ್ಸಿಯಂ ಮ್ಯಾಲೇಟ್. ಅದು ದಪ್ಪ ಆದರೆ ಶಾಖ ದಾಟುವುದಿಲ್ಲ, ಸಿರಪ್ ಸೀದುಹೋಗುವ ಭಯವೂ ಇದೆ. ಯಜಮಾನರ ಕಣ್ಣು ನೇರ ಅಲ್ಲಿಗೇ ಹೋಯಿತು. ಮೂವತ್ತು ವರ್ಷದ ಅನುಭವ, ನಿಧಾನವಾಯಿತು ಅಂದರೆ ಇದೇ ಕಾರಣ ಅಂತ ಅವರ ಲೆಕ್ಕ.

ಮುಂದಿನ ಪ್ಯಾನ್ ಖಾಲಿ ಮಾಡಿ ವಿನೆಗರ್ ಬೆರೆಸಿದ ನೀರು ತುಂಬಿ ರಾತ್ರಿಯೆಲ್ಲ ಬಿಟ್ಟೆವು. ಬೆಳಿಗ್ಗೆ ಒರೆಸಿದರೆ ತಳ ಕನ್ನಡಿ. ಎಲ್ಲರಿಗೂ ಸಮಾಧಾನ. ಒಲೆ ಹಚ್ಚಿ ಮೂರು ಗಂಟೆ ಅಳೆದೆವು: 68 ಲೀಟರ್.

ಈ ಹೆಜ್ಜೆಯನ್ನು ತಪ್ಪು ಅಂತ ನಾನು ಹೇಳುವುದಿಲ್ಲ. ಆ ಪ್ಯಾನ್ ಹೇಗೂ ತೊಳೆಯಬೇಕಿತ್ತು. ಆದರೆ ಶುಗರ್ ಸ್ಯಾಂಡ್ ಕಟ್ಟುವುದು ರಸ ಗಟ್ಟಿಯಾಗುವ ಕಡೆ, ಅಂದರೆ ಮುಂದೆ. ನಮ್ಮಲ್ಲಿ ಕುದಿ ಸತ್ತಿದ್ದದ್ದು ಹಿಂದಿನ ಪ್ಯಾನ್‌ನಲ್ಲಿ. ಮೊದಲ ವಾರ ಅಲ್ಲಿ ರಸ ಗುಡ್ಡೆಗುಡ್ಡೆಯಾಗಿ ಉಕ್ಕುತ್ತಿತ್ತು. ಈಗ ಅಲ್ಲಲ್ಲಿ ಗುಳ್ಳೆ ಅಷ್ಟೇ. ಇದನ್ನು ಎಲ್ಲರೂ ನೋಡಿದ್ದೆವು. ನೋಡಿದ್ದನ್ನು ಕಾರಣದ ಜೊತೆ ಯಾರೂ ಜೋಡಿಸಿರಲಿಲ್ಲ.

ಎರಡನೇ ತೀರ್ಮಾನ: ಜೋರು ಬೆಂಕಿ

ಆಮೇಲೆ ಅನುಮಾನ ಸೌದೆಯ ಮೇಲೆ ಹೋಯಿತು. ಹಳೆಯ ಸೌದೆ ಎರಡನೇ ವಾರಕ್ಕೇ ಮುಗಿದಿತ್ತು. ಆಮೇಲೆ ಹಾಕುತ್ತಿದ್ದದ್ದು ಹೋದ ಶರತ್ಕಾಲದಲ್ಲಿ ಸೀಳಿದ್ದು. ತುದಿಯಿಂದ ನೊರೆ ಬರುತ್ತಿತ್ತು, ಚುಯ್ ಅಂತ ಸದ್ದು. ಹಸಿ ಸೌದೆ ಅಂತ ಗೊತ್ತಾಗಲು ಅದಕ್ಕಿಂತ ಬೇರೆ ಗುರುತು ಬೇಡ.

ನೆರೆಯವರು ಸಾ ಮಿಲ್‌ನಿಂದ ಒಂದು ಗಾಡಿ ಒಣ ಪಟ್ಟಿ ತಂದರು. ಹಾಕಿದ ತಕ್ಷಣ ಒಲೆ ಗರ್ಜಿಸಿತು. ಹೊಗೆ ಕೊಳವೆಯ ಥರ್ಮಾಮೀಟರ್ ಸೀಸನ್ ಶುರುವಿನಲ್ಲಿ ತೋರಿಸುತ್ತಿದ್ದದ್ದಕ್ಕಿಂತ 60 ಡಿಗ್ರಿ ಮೇಲೆ ಹೋಯಿತು. ಕೊಳವೆಯ ಬುಡ ಮಂದವಾಗಿ ಕೆಂಪಗಾಯಿತು. ಗಂಟೆ ಕಳೆದು ಟ್ಯಾಂಕ್‌ಗೆ ಅಳತೆ ಪಟ್ಟಿ ಅದ್ದಿ ನೋಡಿದರೆ 72 ಲೀಟರ್.

ಆಗ ಮಗಳು ಕೇಳಿದ ಪ್ರಶ್ನೆಯೇ ಈ ಪ್ರಕರಣದ ತಿರುವು. "ಬೆಂಕಿ ಜಾಸ್ತಿ ಆಯ್ತಲ್ಲ, ಆವಿ ಯಾಕೆ ಜಾಸ್ತಿ ಆಗ್ಲಿಲ್ಲ?"

ಒಲೆಯಲ್ಲಿ ಶಾಖ ಹುಟ್ಟುತ್ತಿದೆ. ರಸಕ್ಕೆ ತಲುಪುತ್ತಿಲ್ಲ. ಹಾಗಾಗಿ ಕೊಳವೆಯಲ್ಲಿ ಹೊರಗೆ ಹೋಗುತ್ತಿದೆ. ಅಂದ ಮೇಲೆ ಬೆಂಕಿಗೂ ರಸಕ್ಕೂ ನಡುವೆ ಏನೋ ಅಡ್ಡ ನಿಂತಿದೆ. ಹಿಂದಿನ ಪ್ಯಾನ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿದೆವು, ತಗಡು ಹೊಳೆಯುತ್ತಿತ್ತು. ಇನ್ನು ಉಳಿದದ್ದು ತಗಡಿನ ಆ ಕಡೆ. ಯಜಮಾನರು ಒಲೆಯ ಹಿಂದಿನ ಸಣ್ಣ ಬಾಗಿಲು ತೆಗೆದು ಒಂದು ಕಡ್ಡಿ ತೂರಿಸಿ, ನೆರಿಗೆಯ ಮೇಲೆ ಎಳೆದು ಹೊರಗೆ ತೆಗೆದರು. ಕಡ್ಡಿಯ ತುದಿಗೆ ಬೆಕ್ಕಿನ ಬಾಲದಷ್ಟು ಮಸಿ.

ಒಲೆ ನಿಲ್ಲಿಸಬೇಕೋ ಬೇಡವೋ

ಅದು ಶುಕ್ರವಾರ ಸಂಜೆ. ಟ್ಯಾಂಕ್‌ನಲ್ಲಿ 1,300 ಲೀಟರ್ ರಸ. ಭಾನುವಾರ 10 ಡಿಗ್ರಿ ಬಿಸಿಲು ಅಂತ ಹವಾಮಾನದವರು ಹೇಳಿದ್ದರು. ಇಂಥ ಹೊತ್ತಿನಲ್ಲಿ ಒಲೆ ಆರಿಸಿ ಪ್ಯಾನ್ ಎತ್ತುವುದು ಅಂದರೆ ಯಜಮಾನರಿಗೆ ಎದೆ ಝಲ್ ಅಂದಿತು. "ನಮ್ಮಪ್ಪ ಸೀಸನ್ ನಡುವೆ ಒಂದು ದಿನವೂ ಪ್ಯಾನ್ ಎತ್ತಿರಲಿಲ್ಲ" ಅಂದರು. ಅವರ ಅಪ್ಪ ಒಣ ಸೌದೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ ಅನ್ನುವುದೂ ಆಮೇಲೆ ಮಾತಿನಲ್ಲಿ ಬಂತು.

ಮಗಳು ನೋಟ್‌ಬುಕ್ ತೆಗೆದರು. ಒಣ ಪಟ್ಟಿ ಒಂದೇ ಗಾಡಿ, ಅದು ಮುಗಿದರೆ ಮತ್ತೆ ಗಂಟೆಗೆ 68. ಈ 1,300 ಲೀಟರ್‌ಗೆ 19 ಗಂಟೆ. ಮಸಿ ತೆಗೆದು 95ಕ್ಕೆ ಬಂದರೆ 14 ಗಂಟೆಯೊಳಗೆ. ಅಂದರೆ ತೊಳೆಯಲು 5 ಗಂಟೆ ಹಿಡಿದರೂ ಈ ಟ್ಯಾಂಕ್‌ಗೆ ನಷ್ಟವಿಲ್ಲ, ಮುಂದಿನದ್ದೆಲ್ಲ ಲಾಭ. ಯಜಮಾನರು ಆ ಹಾಳೆಯನ್ನು ಎರಡು ಸಲ ನೋಡಿ, ಒಲೆಗೆ ಸೌದೆ ಹಾಕುವುದು ನಿಲ್ಲಿಸಿದರು. ರಾತ್ರಿ ಟ್ಯಾಂಕ್ ಸುತ್ತ ಹಿಮ ಒಟ್ಟಿ, ಬೆಳಿಗ್ಗೆ ಆರಕ್ಕೆ ಸೇರಿದೆವು.

ಮಸಿಯ ಮುಖ

ನಾಲ್ಕು ಜನ ಹಿಡಿದು ಪ್ಯಾನ್ ಎತ್ತಿ, ಹೊರಗೆ ಮರದ ಸ್ಟ್ಯಾಂಡ್‌ಗಳ ಮೇಲೆ ಬೋರಲು ಹಾಕಿದೆವು. ಬೆಳಕಿಗೆ ಬಂದಾಗ ಯಾರೂ ಮಾತಾಡಲಿಲ್ಲ.

ಕೊಳವೆಯ ಕಡೆ ಮಸಿ ವೆಲ್ವೆಟ್ ಬಟ್ಟೆಯ ಹಾಗಿತ್ತು. ಬೆರಳು ಇಟ್ಟರೆ ಉಗುರು ಪೂರ್ತಿ ಮುಳುಗಿತು. ಊದಿದರೆ ಹಾರುವಷ್ಟು ಹಗುರ. ಬೆಂಕಿಯ ಕಡೆ ಬೇರೆಯೇ ರೂಪ. ಕರಿ ಗಾಜಿನ ಹಾಗೆ ಹೊಳೆಯುವ ಕಿಟ್ಟ, ಟಾರಿನ ವಾಸನೆ. ನೆರಿಗೆ ನೆರಿಗೆಯ ನಡುವಿನ ಸಂದಿ ಕೆಲವು ಕಡೆ ಅರ್ಧ ಮುಚ್ಚಿತ್ತು.

ಇದು ಯಾಕೆ ಹೀಗೆ ಅಂಟುತ್ತದೆ ಅಂತ ತಿಳಿದರೆ ಮಿಕ್ಕಿದ್ದೆಲ್ಲ ಸುಲಭ. ಒಲೆಯಲ್ಲಿ ನೂರಾರು ಡಿಗ್ರಿ ಶಾಖ ಇದೆ. ಆದರೆ ಪ್ಯಾನ್‌ನ ತಗಡು 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಒಳಗೆ ರಸ ಕುದಿಯುತ್ತಿದೆಯಲ್ಲ. ಹಸಿ ಸೌದೆ ಪೂರ್ತಿ ಉರಿಯದೆ ಹೊಗೆ, ಟಾರ್ ಬಿಡುತ್ತದೆ. ಆ ಹೊಗೆಗೆ ಈ ತಗಡು ತಣ್ಣನೆಯ ಗೋಡೆ. ಚಳಿಯಲ್ಲಿ ಕಿಟಕಿ ಗಾಜಿನ ಮೇಲೆ ಉಸಿರು ಕೂರುವ ಹಾಗೆ ಟಾರ್ ಬಂದು ಕೂರುತ್ತದೆ. ಅದರ ಮೇಲೆ ಪುಡಿ ಮಸಿ. ಪುಡಿಯ ನಡುವೆ ಗಾಳಿ. ಸ್ವೆಟರ್ ಹಾಕಿದಂತಾಯಿತು, ಅಲ್ವಾ?

ಉಜ್ಜಿದ್ದು, ಕೆರೆದದ್ದು, ನಿಲ್ಲಿಸಿದ್ದು

ಮೊದಲು ನೈಲಾನ್ ಬ್ರಷ್ ಹಿಡಿದು ಒಣಗಿದ್ದ ಹಾಗೇ ಉಜ್ಜಿದೆವು. ಎಲ್ಲರೂ ಮಾಸ್ಕ್, ಕೈಗವಸು ಹಾಕಿದ್ದೆವು. ಇದನ್ನು ಯಾರೂ ಬಿಡಬಾರದು. ಚಿಮಣಿ ಗುಡಿಸುವವರಿಗೆ ಬರುತ್ತಿದ್ದ ಕ್ಯಾನ್ಸರ್‌ಗೂ ಮಸಿಗೂ ನಂಟಿದೆ ಅಂತ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದರು. ಪುಡಿ ಮಸಿ ಮುಕ್ಕಾಲು ಗಂಟೆಯಲ್ಲಿ ಹೋಯಿತು. ಹಿಮದ ಮೇಲೆ ಎರಡು ಬಕೆಟ್‌ನಷ್ಟು ಕರಿ ರಾಶಿ.

ಕಿಟ್ಟ ಮಾತ್ರ ಜಗ್ಗಲಿಲ್ಲ. ತಂತಿ ಬ್ರಷ್ ತರೋಣ ಅಂದದ್ದಕ್ಕೆ ಯಜಮಾನರು ಬೇಡ ಅಂದರು. ಕಬ್ಬಿಣದ ತಂತಿಯ ಚೂರು ಸ್ಟೀಲ್ ಮೇಲೆ ಉಳಿದು ತುಕ್ಕಿನ ಚುಕ್ಕೆ ಏಳುತ್ತದೆ. ಮಗಳು ಓವನ್ ಕ್ಲೀನರ್ ತಂದರು. ಅದರಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಸ್ಟೀಲ್‌ಗೆ ತೊಂದರೆ ಇಲ್ಲ, ಆದರೆ ತವರ, ಸತು, ಅಲ್ಯೂಮಿನಿಯಂ ತಿನ್ನುತ್ತದೆ. ನಮ್ಮ ಪ್ಯಾನ್ ಸ್ಟೀಲ್ ಆದರೂ ಬೆಸುಗೆ ತವರದ್ದು. ಒಂದು ನಾಣ್ಯದಷ್ಟು ಜಾಗಕ್ಕೆ ಹಚ್ಚಿ ನೋಡಿದೆವು. ಕಿಟ್ಟ ಕರಗಿತು, ಪಕ್ಕದ ಬೆಸುಗೆ ಮಂಕಾಯಿತು. ಅಲ್ಲಿಗೇ ಬಿಟ್ಟೆವು, ಆ ಜಾಗವನ್ನು ಚೆನ್ನಾಗಿ ತೊಳೆದೆವು. ಬ್ಲೀಚ್ ಅಥವಾ ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಬಗ್ಗೆ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಕ್ಲೋರಿನ್ ಅಂಶ ಸ್ಟೀಲ್‌ನಲ್ಲಿ ಸೂಜಿಮೊನೆ ತೂತು ಮಾಡುತ್ತದೆ.

ಕೈಗೆ ಬಂದದ್ದು ಪಾತ್ರೆ ತೊಳೆಯುವ ಸೋಪು. ಬಿಸಿನೀರಿಗೆ ಜಾಸ್ತಿ ಸೋಪು ಹಾಕಿ, ಹಳೆಯ ಟವಲ್ ಅದ್ದಿ, ನೆರಿಗೆಗಳ ಸಂದಿಗೆ ತುರುಕಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಎರಡು ಗಂಟೆ ಬಿಟ್ಟೆವು. ನಡುನಡುವೆ ಬಿಸಿನೀರು ಸುರಿಯುತ್ತಿದ್ದೆವು, ಇಲ್ಲದಿದ್ದರೆ ಆ ಚಳಿಗೆ ಟವಲ್ ಕಲ್ಲಾಗುತ್ತಿತ್ತು. ನನಗೆ ಊರಿನ ಹಿತ್ತಿಲ ನೆನಪು. ತೆಂಗಿನ ನಾರಿನ ಒಂದು ಹಿಡಿ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸಿತು. ಯಜಮಾನರು ಮೇಪಲ್ ಮರದ ತೆಳು ಚಕ್ಕೆಯೊಂದನ್ನು ಸಂದಿಯ ಅಳತೆಗೆ ಕೆತ್ತಿ, ತುದಿ ಚೂಪು ಮಾಡಿ ಕೊಟ್ಟರು. ಮರ ತಗಡಿಗಿಂತ ಮೆತ್ತಗೆ. ಕಿಟ್ಟ ಏಳುತ್ತದೆ, ತಗಡಿಗೆ ಗೀರು ಬೀಳುವುದಿಲ್ಲ. ನೆನೆದ ಕಿಟ್ಟ ಆ ಚಕ್ಕೆಗೆ ಸಿಪ್ಪೆ ಸಿಪ್ಪೆಯಾಗಿ ಬಂತು.

ಎಡವಟ್ಟು ಆದದ್ದೂ ಇಲ್ಲೇ. ಹೊತ್ತಾಗುತ್ತಿದೆ ಅಂತ ನೆರೆಯವರು ಕಬ್ಬಿಣದ ಪಟ್ಟಿ ಹಿಡಿದು ಒಂದು ಮೂಲೆ ಕೆರೆದರು. ಬೆಸುಗೆಗೆ ತಾಗಿತು. ಯಾರಿಗೂ ಕಾಣಲಿಲ್ಲ. ಒಲೆಗೆ ಏರಿಸುವ ಮೊದಲು ಪ್ಯಾನ್ ನೆಟ್ಟಗೆ ಇಟ್ಟು ನೀರು ತುಂಬಿ ಹತ್ತು ನಿಮಿಷ ಕಾದೆವು. ಅದು ಯಜಮಾನರ ಹಠ. ಎಂಟನೇ ನಿಮಿಷಕ್ಕೆ ಒಂದು ನೆರಿಗೆಯ ಅಂಚಿನಲ್ಲಿ ಹನಿ ಕಂಡಿತು. ಆ ತೂತು ಉರಿಯುವ ಒಲೆಯ ಮೇಲೆ ಸಿಕ್ಕಿದ್ದರೆ ರಸವೂ ಹೋಗುತ್ತಿತ್ತು, ಮಟ್ಟ ಇಳಿದು ಪ್ಯಾನೂ ಸುಡುತ್ತಿತ್ತು. ಸೀಸ ಇಲ್ಲದ ಬೆಸುಗೆ ಹಾಕಿ ಸರಿ ಮಾಡಲು ಒಂದೂವರೆ ಗಂಟೆ ಹಿಡಿಯಿತು.

ಇನ್ನೊಂದು ತೀರ್ಮಾನವನ್ನೂ ಹೇಳಬೇಕು. ತಗಡು ಇನ್ನೂ ಕಪ್ಪಗೇ ಇತ್ತು. ನಾನು ಹೊಳೆಯುವವರೆಗೂ ಉಜ್ಜೋಣ ಅಂದೆ. ಯಜಮಾನರು ಒಪ್ಪಲಿಲ್ಲ. ಕಪ್ಪು ಬಣ್ಣದಿಂದ ಏನೂ ಆಗುವುದಿಲ್ಲ, ದಪ್ಪದಿಂದ ಮಾತ್ರ ತೊಂದರೆ ಅಂದರು. ಉಗುರಿಗೆ ಏನೂ ಸಿಗುವುದಿಲ್ಲ ಅಂದ ಮೇಲೆ ಸಾಕು. ಅವರು ಹೇಳಿದ್ದೇ ಸರಿ.

ಆಮೇಲೆ

ಒಲೆ ಹಚ್ಚಿದಾಗ ಮಧ್ಯಾಹ್ನ ಎರಡು. 5 ಗಂಟೆಯ ಲೆಕ್ಕ 8 ಗಂಟೆಯಾಗಿತ್ತು. ಆದರೆ ಅರ್ಧ ಗಂಟೆಯಲ್ಲಿ ಹಿಂದಿನ ಪ್ಯಾನ್ ಉಕ್ಕತೊಡಗಿತು, ಹಬೆಯಲ್ಲಿ ಎದುರಿಗಿದ್ದವರ ಮುಖ ಕಾಣಲಿಲ್ಲ. ಕೊಳವೆಯ ಶಾಖ ಹಳೆಯ ಅಂಕಿಗೆ ಇಳಿಯಿತು. ಗಂಟೆಗೆ 91 ಲೀಟರ್. ಸರದಿ ಹಾಕಿಕೊಂಡು ನಾಲ್ಕೂವರೆಗೆ, ಬೆಳಗಿನ ಜಾವ, ಟ್ಯಾಂಕ್ ಖಾಲಿ ಮಾಡಿದೆವು. ಅಷ್ಟು ಹೊತ್ತು ಇಟ್ಟಿದ್ದ ರಸ ಸ್ವಲ್ಪ ಕದಡಿದಂತಿತ್ತು. ತಿಳಿ ಬಣ್ಣದ ಆಂಬರ್ ದರ್ಜೆ ಬರಬೇಕಿದ್ದ ಸಿರಪ್ ಕಡು ಬಣ್ಣದ ಡಾರ್ಕ್ ದರ್ಜೆ ಆಯಿತು. ಆ ನಷ್ಟವನ್ನೂ ನೋಟ್‌ಬುಕ್‌ನಲ್ಲಿ ಬರೆದಿದ್ದಾರೆ.

ಎಂಟು ದಿನ ಕಳೆದು ಅಂಕಿ ಮತ್ತೆ 76.

ಸೌದೆ ಅದೇ ಇದ್ದರೆ ಮಸಿಯೂ ಅದೇ. ಇದು ನಮಗೆ ಆಗ ಪೂರ್ತಿ ಅರ್ಥವಾಯಿತು. ಈ ಸಲ ಪ್ಯಾನ್ ಎತ್ತಲಿಲ್ಲ. ರಾತ್ರಿ ಬೆಂಕಿ ಆರಿದ ಮೇಲೆ ಹಿಂದಿನ ಸಣ್ಣ ಬಾಗಿಲಿನಿಂದ ಉದ್ದ ಹಿಡಿಯ ಬ್ರಷ್ ತೂರಿಸಿ ಸಂದಿ ಸಂದಿ ಎಳೆದೆವು. ಇಪ್ಪತ್ತು ನಿಮಿಷ. ಪುಡಿ ಮಸಿ ಕಿಟ್ಟದ ಜೊತೆ ಗಟ್ಟಿಯಾಗುವ ಮೊದಲು ಎರಡು ದಿನಕ್ಕೊಮ್ಮೆ ಹೀಗೆ ಮಾಡಿದರೆ ಸಾಕು. ಹಸಿ ಸೌದೆಯನ್ನು ಮಣಿಕಟ್ಟಿನ ಗಾತ್ರಕ್ಕೆ ಸೀಳಿ, ಅರ್ಧಕ್ಕರ್ಧ ಒಣ ಪಟ್ಟಿ ಬೆರೆಸಿದೆವು. ಒಲೆ ತುಂಬಾ ತುರುಕುವ ಬದಲು ಎಂಟು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ, ಅಡ್ಡಡ್ಡ ಇಟ್ಟು, ಬಾಗಿಲು ಬೇಗ ಮುಚ್ಚಿದೆವು. ಮಂಡ್ಯದ ಕಡೆ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸಿ, ಒಲೆಗೆ ಒಂದೊಂದು ಹಿಡಿ ಬಿಡದೆ ಹಾಕುವವರನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೆ. ಅದರ ಕಾರಣ ನನಗೆ ತಿಳಿದದ್ದು ಇಲ್ಲಿ. ಸೀಸನ್ ಮುಗಿಯುವವರೆಗೂ ಅಂಕಿ 83ಕ್ಕಿಂತ ಕೆಳಗೆ ಹೋಗಲಿಲ್ಲ.

ನಡುವೆ ಒಂದು ಪ್ರಯೋಗವೂ ಆಯಿತು. ಸೌದೆ ಒಲೆಗೆ ಇಡುವ ಪಾತ್ರೆಯ ಹೊರಗೆ ನಮ್ಮಮ್ಮ ಬೂದಿ ಕಲಸಿ ಬಳಿಯುತ್ತಿದ್ದರು, ತೊಳೆಯುವಾಗ ಮಸಿ ಸಲೀಸಾಗಿ ಬರಲಿ ಅಂತ. ಅದನ್ನು ಹೇಳಿದಾಗ ಮಗಳು, ಕ್ಯಾಂಪಿಂಗ್‌ಗೆ ಹೋದಾಗ ತಾವು ಸೋಪು ಬಳಿಯುತ್ತೇವೆ ಅಂದರು. ಚಪ್ಪಟೆ ಪ್ಯಾನ್‌ನ ತಳಕ್ಕೆ ಸೋಪು ಬಳಿದು ನೋಡಿದೆವು. ಸೀಸನ್ ಕೊನೆಗೆ ಏನೂ ವ್ಯತ್ಯಾಸ ಕಾಣಲಿಲ್ಲ. ದಿನಾ ತೊಳೆಯುವ ಪಾತ್ರೆಗೆ ಆಗುವ ಉಪಾಯ, ವಾರಗಟ್ಟಲೆ ಬೆಂಕಿಯ ಮೇಲೇ ಇರುವ ಪ್ಯಾನ್‌ಗೆ ಆಗಲಿಲ್ಲ.

ಏಪ್ರಿಲ್‌ನಲ್ಲಿ ಎಲ್ಲ ಮುಗಿದ ಮೇಲೆ ಪ್ಯಾನ್ ಎತ್ತಿ, ಮಸಿ ತೆಗೆದು, ಒಣಗಿಸಿ, ಒಳಗೆ ಇಟ್ಟೆವು. ಮೊದಲೆಲ್ಲ ಯಜಮಾನರು ಪ್ಯಾನ್ ಒಲೆಯ ಮೇಲಿದ್ದಂತೆಯೇ ಪ್ರೆಷರ್ ವಾಷರ್ ಹಿಡಿಯುತ್ತಿದ್ದರಂತೆ. ಆ ನೀರು ಒಲೆಯೊಳಗಿನ ಬೂದಿಗೆ ಸೇರಿ ಕ್ಷಾರವಾಗಿ ಇಟ್ಟಿಗೆಯಲ್ಲಿ ಇಂಗುತ್ತಿತ್ತು, ಒಲೆಯ ಕಬ್ಬಿಣ ತುಕ್ಕು ಹಿಡಿಯುತ್ತಿತ್ತು. ಮಸಿ ಬಿಟ್ಟು ಹಾಗೇ ಇಟ್ಟರೂ ಕಷ್ಟ, ಬೇಸಿಗೆಯ ತೇವ ಹೀರಿಕೊಂಡು ತಗಡಿಗೆ ಅಂಟಿಕೊಂಡೇ ಇರುತ್ತದೆ.

ಆ ಬೇಸಿಗೆಯಲ್ಲೇ ಸೌದೆಗೆ ಮಾಡು ಕಟ್ಟಿದರು. ಈಗ ಸೀಳಿದ ಸೌದೆ ಎರಡು ಬೇಸಿಗೆ ಕಾಣದೆ ಒಲೆಗೆ ಹೋಗುವುದಿಲ್ಲ. ತೇವ ಅಳೆಯುವ ಸಣ್ಣ ಮೀಟರ್ ಕೊಂಡಿದ್ದಾರೆ. ಆ ವರ್ಷ ಹೊಸದಾಗಿ ಸೀಳಿದ ಮುಖಕ್ಕೆ ಒತ್ತಿದರೆ 30 ಪರ್ಸೆಂಟ್ ಮೇಲೆ ತೋರಿಸುತ್ತಿತ್ತು, ಈಗ 20ರೊಳಗೆ.

ಎರಡು ನೆರಿಗೆಗಳ ಬುಡದಲ್ಲಿ, ಬೆಂಕಿಯ ಕಡೆ, ಒಂದಿಷ್ಟು ಕಿಟ್ಟ ಇನ್ನೂ ಇದೆ. ಅಲ್ಲೇ ಆ ಹೊಸ ಬೆಸುಗೆ. ಅದನ್ನು ಕೆರೆಯಲು ಯಜಮಾನರು ಯಾರಿಗೂ ಬಿಡುವುದಿಲ್ಲ. ಹೋದ ಮಾರ್ಚ್‌ನಲ್ಲಿ ನೋಟ್‌ಬುಕ್‌ನ ಮೊದಲ ಸಾಲು 93 ಲೀಟರ್, ಕೊನೆಯ ಸಾಲು 89.